ಊರು ಬೆಳೆಯುವ ಮೊದಲೇ ಊರತೋಟಕ್ಕೆ ನೆಲ



ಬೀಜ, ಗೊಬ್ಬರ, ಕಬ್ಬಿನ ರೋಗ ಇವುಗಳ ವಿಚಾರ ಓದುವ ರೂಢಿಯುಳ್ಳ ನಿಮಗೆ ಈ ಸಲ ಸಾರ್ವಜನಿಕ ಉದ್ಯಾನದ ವಿಚಾರ ಹೇಳಹೊರಟಿದ್ದೇನೆ. ಒಕ್ಕಲುತನದ ಡಿಪ್ಲೊಮಾ ಓದಿದವನಿಗೆ ಪ್ಯಾಟಿಯವರ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಉದ್ಯಾನಕ್ಕೆ ಮೊದಲು ಬೇಕಾದದ್ದು ನೆಲ. ನೆಲ ರೈತನದು. ಅದು ಊರಿನ ಕೈಗೆ ಯಾವಾಗ, ಯಾವ ಬೆಲೆಗೆ, ಯಾವ ರೀತಿಯಿಂದ ಬರಬೇಕು ಎಂಬುದು ರೈತನೇ ಮೊದಲು ತಿಳಿಯಬೇಕಾದ ಸಂಗತಿ.

ಇಲ್ಲಿ ಊರತೋಟ ಎಂದರೆ ಚೀಟಿ ಇಲ್ಲದೆ, ಜಾತಿ ಕೇಳದೆ, ಊರಿನ ಯಾವ ಮನುಷ್ಯನಾದರೂ ಹೋಗಿ ಕೂಡಬಹುದಾದ, ಮಕ್ಕಳು ಆಡಬಹುದಾದ, ಗಿಡಮರಗಳಿರುವ ಬಯಲು. ಹೂವಿನ ಮಡಿ, ಕಾರಂಜಿ ಇದ್ದರೆ ಸಂತೋಷ; ಇಲ್ಲದಿದ್ದರೂ ನಡೆಯುತ್ತದೆ. ನೆಲ ಮತ್ತು ನೆರಳು ಮುಖ್ಯ.

ನಮ್ಮ ಭಾಗದ ಸ್ಥಿತಿ

ಮಹಾಲಿಂಗಪುರವು ಮೊದಲು ಮುಧೋಳ ಸಂಸ್ಥಾನದ ಊರು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮಹಾಲಿಂಗೇಶ್ವರನ ಗುಡಿ, ಬೆಲ್ಲದ ಪ್ಯಾಟಿ, ನೇಕಾರಿಕೆ ಇವು ಮೂರು ಊರಿನ ಹೆಸರು ಬೆಳೆಸಿದವು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ಭಾಗದ ಎರಿ ಭೂಮಿಯಲ್ಲಿ ಕಬ್ಬು ಬೆಳೆಸಿತು. ಕಬ್ಬಿನಿಂದ ಗಾಣ ಬಂದವು, ಸಮೀರವಾಡಿಯಂಥ ಕಡೆ ಸಕ್ಕರೆ ಕಾರ್ಖಾನೆ ಬಂದಿತು. ಈಗ ಮಹಾಲಿಂಗಪುರವು ರಬಕವಿ-ಬನಹಟ್ಟಿ ತಾಲೂಕಿಗೆ ಸೇರಿದ ಪುರಸಭೆಯ ಊರು.

ಊರು ಬೆಳೆದಂತೆ ಅಂಚಿನ ಹೊಲಗಳು ಎನ್.ಎ. ಆಗಿ ಪ್ಲಾಟುಗಳಾಗುತ್ತವೆ. ಮೊದಲು ಹುಡುಗರು ಕಣದಲ್ಲಿ, ಸುಗ್ಗಿ ಮುಗಿದ ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಆಡುತ್ತಿದ್ದರು. ಕಣ ಮನೆಯಾಯಿತು, ಹೊಲ ಪ್ಲಾಟಾಯಿತು. ಉಳಿದದ್ದು ರಸ್ತೆ. ಆ ರಸ್ತೆಯ ಮೇಲೆ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತವೆ. ಆದಕಾರಣ ಊರತೋಟವು ಬರಿಯ ಸೊಗಸಿನ ಮಾತಲ್ಲ. ಮಕ್ಕಳ ಜೀವದ ಮಾತು, ಮುದುಕರು ಬಿಸಿಲಿನಲ್ಲಿ ಕೂಡಲು ನೆರಳಿನ ಮಾತು.

ಇಷ್ಟಾದರೂ ಈ ಕೆಲಸ ಹಿಂದೆ ಬೀಳುವುದಕ್ಕೆ ಒಂದು ಕಾರಣವುಂಟು. ನೀರು, ದೀಪ, ಚರಂಡಿ, ಕಸ ಇವು ಪುರಸಭೆಯು ಮಾಡಲೇಬೇಕಾದ ಕೆಲಸಗಳು. ಉದ್ಯಾನವು ಮಾಡಬಹುದಾದ ಕೆಲಸ. ಹೀಗಿರುವಲ್ಲಿ ಬಜೆಟ್ಟಿನಲ್ಲಿ ಉಳಿದ ಹಣ ಉದ್ಯಾನಕ್ಕೆ ಎಂದಾಗುತ್ತದೆ, ಉಳಿಯುವುದು ಯಾವಾಗಲೂ ಕಡಿಮೆ. ಪಂಚಾಯತಿಯಲ್ಲಿಯೂ ಇದೇ ಕಥೆ. ಊರಿನ ಜನ ಕೇಳಿದರೆ ಮಾತ್ರ ಇದು ಮೇಲಿನ ಸಾಲಿಗೆ ಬರುತ್ತದೆ.

ಎಷ್ಟು ನೆಲ ಬೇಕು?

ಕೇಂದ್ರ ಸರಕಾರವು 2014ರಲ್ಲಿ ಪಟ್ಟಣಗಳ ಯೋಜನೆಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬ ಮನುಷ್ಯನಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕೆಂದು ಹೇಳಿದೆ. 5,000 ಜನರ ಊರಿಗೆ 10 ಮೀಟರಿನಂತೆ ಲೆಕ್ಕ ಹಾಕಿದರೆ 50,000 ಚದರ ಮೀಟರ್, ಅಂದರೆ 5 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಇದರಲ್ಲಿ ಆಟದ ಬಯಲು, ಉದ್ಯಾನ ಎಲ್ಲ ಸೇರಿದೆ. ಸುತ್ತಲೂ ಹೊಲವಿರುವ ಹಳ್ಳಿಗೆ ಇದು ಕಟ್ಟಳೆಯಲ್ಲ. ಆದರೆ ಇಂದಿನ ಹಳ್ಳಿ ಇನ್ನು 20 ವರ್ಷಕ್ಕೆ ಪಟ್ಟಣದ ಓಣಿಯಾಗಬಹುದು. ಆದಕಾರಣ ಇಂದಿನ ಜನಸಂಖ್ಯೆಯನ್ನಷ್ಟೇ ಅಲ್ಲ, ಮುಂದೆ ಆಗುವ ಜನಸಂಖ್ಯೆಯನ್ನೂ ಹಿಡಿದು ಲೆಕ್ಕ ಹಾಕತಕ್ಕದ್ದು.

ಬೆಂಗಳೂರಿನ ಕಬ್ಬನ್ ಪಾರ್ಕನ್ನು 1870ರಲ್ಲಿ ಮಾಡಿದರು. 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ನಕ್ಷೆ ಹಾಕಿದಾಗ ಅಗಲ ರಸ್ತೆಗಳ ಜೊತೆಗೆ ಉದ್ಯಾನಗಳಿಗೂ ಜಾಗ ಬಿಟ್ಟರು. ಆಗ ಅಲ್ಲಿ ನೆಲ ಅಗ್ಗವಾಗಿತ್ತು. ಇಂದು ಆ ಓಣಿಗಳಲ್ಲಿ ಒಂದು ಗುಂಟೆ ಕೊಳ್ಳುವುದೂ ಯಾವ ಸಂಸ್ಥೆಗಾದರೂ ಭಾರವೇ. ನಮ್ಮ ಜಿಲ್ಲೆಯಲ್ಲಿಯೂ ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆ ಮುಳುಗುವ ಸ್ಥಿತಿ ಬಂದಾಗ ನವನಗರವನ್ನು ಮೊದಲು ಸೆಕ್ಟರುಗಳ ನಕ್ಷೆ ಹಾಕಿ, ಅನಂತರ ಕಟ್ಟಿದರು. ಮೊದಲು ಬಿಟ್ಟ ಜಾಗ ಉಳಿಯುತ್ತದೆ. ಆಮೇಲೆ ಹುಡುಕಿದ ಜಾಗ ಸಿಗುವುದಿಲ್ಲ.

ಮೊದಲು ನಮ್ಮದಾಗಿರುವ ನೆಲವನ್ನು ಉಳಿಸೋಣ

ಹೊಸ ನೆಲ ಕೊಳ್ಳುವ ಮುಂಚೆ ಊರಿನದೇ ಆದ ನೆಲ ಎಷ್ಟಿದೆ, ಎಲ್ಲಿದೆ ಎಂದು ನೋಡಬೇಕು. ತಲಾಟಿ ಎಂದು ನಾವು ಕರೆಯುವ ಗ್ರಾಮ ಆಡಳಿತಾಧಿಕಾರಿಯಿಂದ ಉತಾರ ತೆಗೆಸಿ, ಗಾಂವಠಾಣ, ಗಾಯರಾಣ, ಕೆರೆಯ ಅಂಗಳ, ಹಳ್ಳದ ದಂಡೆ, ಜಾತ್ರೆಯ ಬಯಲು ಇವುಗಳ ಸರ್ವೆ ನಂಬರನ್ನು ಒಂದು ಕಾಗದದಲ್ಲಿ ಬರೆಯಬೇಕು. ಮೋಜಣಿ ಮಾಡಿಸಿ ಬಾಂದಕಲ್ಲು ನೆಡಿಸಬೇಕು.

ಗಾಯರಾಣದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 100 ದನಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆಯಷ್ಟು ಮೇವು ನೆಲ ಇರಬೇಕೆಂಬ ಪ್ರಮಾಣವುಂಟು. ಅದಕ್ಕಿಂತ ಕಡಿಮೆ ಇರುವ ಊರಿನಲ್ಲಿ ಗಾಯರಾಣಕ್ಕೆ ಬೇಲಿ ಹಾಕಿ ಉದ್ಯಾನ ಮಾಡಿದರೆ ನೆಲವಿಲ್ಲದ ಬಡವನ ಆಡು, ಎಮ್ಮೆಗಳ ಬಾಯಿಗೆ ಮಣ್ಣು ಬೀಳುತ್ತದೆ. ಒಂದು ಸಾರ್ವಜನಿಕ ಕೆಲಸಕ್ಕೆಂದು ಬಿಟ್ಟ ನೆಲವನ್ನು ಇನ್ನೊಂದಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಮಂಜೂರಾತಿ ಬೇಕೇ ಬೇಕು.

ಊರೊಟ್ಟಿನ ನೆಲವನ್ನು ಅತಿಕ್ರಮಣ ಮಾಡಿದವರಿಗೆ ಕಾಯದೆಯ ಬೆಂಬಲವಿಲ್ಲ. ಪಂಜಾಬಿನ ಪಟಿಯಾಲಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಊರಿನ ಕೆರೆಯ ನೆಲ ತುಂಬಿ ಮನೆ ಕಟ್ಟಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2011ರ ಜನವರಿ 28ರಂದು ತೀರ್ಪು ಕೊಟ್ಟಿತು. ಎಷ್ಟು ವರ್ಷದಿಂದ ಕೂತಿದ್ದಾರೆ, ಎಷ್ಟು ಹಣ ಸುರಿದಿದ್ದಾರೆ ಎಂಬುದು ನೆವವಾಗಲಾರದು ಎಂದು ಹೇಳಿ, ಊರೊಟ್ಟಿನ ನೆಲಗಳನ್ನು ಬಿಡಿಸಿ ಊರಿಗೆ ಕೊಡಿಸುವ ವ್ಯವಸ್ಥೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು.

ಎರಡನೆಯದು ಎನ್.ಎ. ಬಡಾವಣೆಗಳಲ್ಲಿ ಬಿಟ್ಟ ಜಾಗ. ಬಡಾವಣೆಯ ನಕ್ಷೆ ಮಂಜೂರಾಗುವಾಗ ರಸ್ತೆಯ ಜೊತೆಗೆ ಉದ್ಯಾನಕ್ಕೂ ಒಂದು ಪಾಲನ್ನು ಗುರುತಿಸುತ್ತಾರೆ. ಈ ಪಾಲು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟದ್ದು. ಪ್ಲಾಟು ಕೊಂಡವರು ಅದರ ಬೆಲೆಯನ್ನು ತಮ್ಮ ಪ್ಲಾಟಿನ ಬೆಲೆಯಲ್ಲಿಯೇ ಕೊಟ್ಟಿರುತ್ತಾರೆ. ಹೆಸರು ಹಚ್ಚದೆ, ಬೇಲಿ ಹಾಕದೆ ಬಿಟ್ಟರೆ ಕೆಲವು ವರ್ಷಕ್ಕೆ ಅದರ ಮೇಲೆ ಶೆಡ್ಡು ಬೀಳುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಬೆಂಗಳೂರಿನ ಸದಾಶಿವನಗರದಲ್ಲಿ, ಅಂದಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಓಣಿಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೇ ಎಂಬ ವಾದವನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಉದ್ಯಾನದ ಜಾಗ ಉದ್ಯಾನಕ್ಕೇ ಇರಬೇಕು, ಅದನ್ನು ಕೇಳುವ ಹಕ್ಕು ಅಲ್ಲಿ ವಾಸಿಸುವ ಜನರಿಗೆ ಇದೆ ಎಂದು ತೀರ್ಪಾಯಿತು. ಇದಲ್ಲದೆ ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೂ ಉಂಟು. ಅಂಥ ಜಾಗಗಳ ಪಟ್ಟಿಯನ್ನು ನಕ್ಷೆಯೊಡನೆ ತಯಾರಿಸುವ ಹೊಣೆಯನ್ನು ಅದು ಹೊರಿಸುತ್ತದೆ. ನಿಮ್ಮ ಓಣಿಯ ಜಾಗ ಆ ಪಟ್ಟಿಯಲ್ಲಿದೆಯೇ ಎಂದು ಕೇಳುವುದು ತಪ್ಪಲ್ಲ.

ನಕ್ಷೆಯ ಹಸಿರು ಬಣ್ಣಕ್ಕೆ 5 ವರ್ಷದ ಆಯುಷ್ಯ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನಿನಲ್ಲಿ ಖಾಸಗಿ ಹೊಲವನ್ನು ಉದ್ಯಾನಕ್ಕೆ ಎಂದು ಗುರುತಿಸಬಹುದು. ಆದರೆ ಪ್ಲಾನು ಪ್ರಕಟವಾದ ದಿನದಿಂದ 5 ವರ್ಷದೊಳಗೆ ಒಪ್ಪಂದದಿಂದ ಕೊಳ್ಳದೆ, ಭೂಸ್ವಾಧೀನದ ಕ್ರಮವನ್ನೂ ಆರಂಭಿಸದೆ ಬಿಟ್ಟರೆ ಆ ಗುರುತು ರದ್ದಾದಂತೆಯೇ ಎಂದು 69ನೆಯ ಕಲಮು ಹೇಳುತ್ತದೆ.

ಇದು ರೈತನಿಗೆ ನ್ಯಾಯವೇ ಸರಿ. ಕೊಳ್ಳುವುದೂ ಇಲ್ಲ, ಮಾರಲು ಬಿಡುವುದೂ ಇಲ್ಲ ಎಂದು ಅವನ ಹೊಲವನ್ನು ಎಷ್ಟೋ ವರ್ಷ ಕಟ್ಟಿಹಾಕುವುದು ಸರಿಯಲ್ಲ. ಆದರೆ ಊರು ಇದರಿಂದ ಪಾಠ ಕಲಿಯಬೇಕು. ಹಣದ ಏರ್ಪಾಡಿಲ್ಲದ ಯೋಜನೆ ಬೀಜವಿಲ್ಲದ ಬಿತ್ತನೆಯಂತೆ. ನಕ್ಷೆಗೆ ಬಣ್ಣ ಹಚ್ಚಿದ ವರ್ಷವೇ ಹಣದ ಖಾತೆಯನ್ನೂ ತೆರೆಯಬೇಕು.

ನೆಲ ಪಡೆಯುವ ನಾಲ್ಕು ದಾರಿ

ಮೊದಲನೆಯದು ದಾನ. ನಮ್ಮ ಕಡೆ ಗುಡಿಗೆ, ಮಠಕ್ಕೆ, ಸಾಲೆಗೆ ನೆಲ ಕೊಟ್ಟ ದೊಡ್ಡ ಮನಸ್ಸಿನವರು ಬೇಕಾದಷ್ಟಿದ್ದಾರೆ. ಆದರೆ ಬಾಯಿಮಾತಿನ ದಾನ ಕಾಯದೆಯಲ್ಲಿ ನಿಲ್ಲುವುದಿಲ್ಲ. ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಕೊಟ್ಟವರು ಬದುಕಿರುವಾಗಲೇ ಪಂಚಾಯತಿ ಅಥವಾ ಪುರಸಭೆ ಅದನ್ನು ಸ್ವೀಕರಿಸಬೇಕು. ಇಲ್ಲದಿದ್ದರೆ ಅಪ್ಪ ಕೊಟ್ಟ ನೆಲವನ್ನು ಮಕ್ಕಳು ಕೇಳುತ್ತಾರೆ. ಊರಿಗೂ ಮನೆತನಕ್ಕೂ ಮನಸ್ಸು ಮುರಿಯುತ್ತದೆ.

ಎರಡನೆಯದು ಒಪ್ಪಂದದ ಖರೀದಿ. ಮಾಲೀಕನ ಒಪ್ಪಿಗೆಯಿಂದ, ಊರೆಲ್ಲ ತಿಳಿದ ಬೆಲೆಗೆ ಕೊಳ್ಳುವುದು. ಬೇಗ ಮುಗಿಯುತ್ತದೆ, ವ್ಯಾಜ್ಯ ಕಡಿಮೆ.

ಮೂರನೆಯದು ನೆಲ ಕೂಡಿಸಿ ಹಂಚುವುದು. ಇದು ಹೊಸದಲ್ಲ, ಮುಂಬಯಿ ಇಲಾಖೆಯಲ್ಲಿ 1915ರ ನಗರ ಯೋಜನಾ ಕಾಯ್ದೆಯಿಂದ ಆರಂಭವಾಯಿತು, ನಮ್ಮ 1961ರ ಕಾಯ್ದೆಯಲ್ಲಿಯೂ ಇದಕ್ಕೆ ಅವಕಾಶವುಂಟು. ಹತ್ತು ಜನ ರೈತರದು ತಲಾ 4 ಎಕರೆಯಂತೆ 40 ಎಕರೆ ಇದೆ ಎನ್ನಿ. ಎಲ್ಲವನ್ನೂ ಕೂಡಿಸಿ ಒಂದೇ ನಕ್ಷೆ ಹಾಕುತ್ತಾರೆ. ರಸ್ತೆ, ಉದ್ಯಾನ, ಸಾಲೆ ಇವುಗಳಿಗೆ 12 ಎಕರೆ ತೆಗೆದರೆ 28 ಎಕರೆ ಉಳಿಯಿತು. ಪ್ರತಿಯೊಬ್ಬನಿಗೂ 2 ಎಕರೆ 32 ಗುಂಟೆ, ಚೌಕಾಗಿ, ರಸ್ತೆ ಹಚ್ಚಿ ತಿರುಗಿ ಸಿಗುತ್ತದೆ. ನೆಲ ಕಡಿಮೆಯಾದರೂ ಬೆಲೆ ಹೆಚ್ಚು. ಮುಖ್ಯವಾಗಿ, ಒಬ್ಬನ ಹೊಲ ಪೂರ್ತಿ ಉದ್ಯಾನಕ್ಕೆ ಹೋಗಿ ಇನ್ನೊಬ್ಬನು ಪೂರ್ತಿ ಲಾಭ ಉಣ್ಣುವ ಅನ್ಯಾಯ ತಪ್ಪುತ್ತದೆ.

ನಾಲ್ಕನೆಯದು ಕಡ್ಡಾಯ ಭೂಸ್ವಾಧೀನ. ಇದು ಕೊನೆಯ ದಾರಿ. 1894ರ ಹಳೆಯ ಕಾಯ್ದೆ ಹೋಗಿ, 2013ರ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಪೇಟೆಯ ಬೆಲೆಯನ್ನು ಹಳ್ಳಿಯ ನೆಲಕ್ಕೆ 1ರಿಂದ 2ರವರೆಗಿನ ಗುಣಾಂಕದಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟೇ ಮೊತ್ತವನ್ನು ಪರಿಹಾರವಾಗಿ ಕೂಡಿಸಬೇಕು. ಎಕರೆಗೆ 20 ಲಕ್ಷ ರೂಪಾಯಿ ಬೆಲೆಯ ನೆಲಕ್ಕೆ ಗುಣಾಂಕ 2 ಇದ್ದರೆ 40 ಲಕ್ಷ. ಪರಿಹಾರ ಕೂಡಿ 80 ಲಕ್ಷ. ಇದರ ಮೇಲೆ ಪೇಟೆಯ ಬೆಲೆಗೆ ವರ್ಷಕ್ಕೆ ಶೇಕಡಾ 12ರಂತೆ ಹೆಚ್ಚಿನ ಮೊತ್ತ ಬೇರೆ. ರೈತನಿಗೆ ಇದು ರಕ್ಷಣೆ. ಸಣ್ಣ ಪಂಚಾಯತಿಗೆ ಎತ್ತಲಾಗದ ಭಾರ. ಮತ್ತು ನೀರಾವರಿಯ, ಎರಡು ಮೂರು ಬೆಳೆ ಬೆಳೆಯುವ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕಾಲುವೆಯ ಕೆಳಗಿನ ನಮ್ಮ ರೈತರು ಇದನ್ನು ತಿಳಿದಿರಬೇಕು.

ಹಣದ ಲೆಕ್ಕ

ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಪಂಚಾಯತಿಗೆ 2 ಎಕರೆ ಬೇಕು. ಇಂದಿನ ಬೆಲೆ ಎಕರೆಗೆ 20 ಲಕ್ಷ. ಒಟ್ಟು 40 ಲಕ್ಷ. ವರ್ಷಕ್ಕೆ 5 ಲಕ್ಷ ಉಳಿಸಿ ಬ್ಯಾಂಕಿನಲ್ಲಿ ಶೇಕಡಾ 6ರ ಬಡ್ಡಿಗೆ ಇಟ್ಟರೆ 8 ವರ್ಷಕ್ಕೆ ಸುಮಾರು 49 ಲಕ್ಷವಾಗುತ್ತದೆ. ಸಾಕು ಎನಿಸುತ್ತದೆ. ಆದರೆ ಊರಂಚಿನ ನೆಲದ ಬೆಲೆ ವರ್ಷಕ್ಕೆ ಶೇಕಡಾ 10ರಂತೆ ಏರಿದರೆ ಅದೇ 2 ಎಕರೆ 8 ವರ್ಷಕ್ಕೆ ಸುಮಾರು 86 ಲಕ್ಷವಾಗಿರುತ್ತದೆ. ನಾವು ಓಡಿದಷ್ಟೂ ನೆಲ ಮುಂದೆ ಓಡುತ್ತದೆ.

ಆದುದರಿಂದ ಪೂರ್ತಿ ಹಣ ಕೂಡುವವರೆಗೆ ಕಾಯುವುದಕ್ಕಿಂತ ಕೈಯಲ್ಲಿರುವಷ್ಟಕ್ಕೆ ಕೊಳ್ಳುವುದು ಲೇಸು. 10 ಲಕ್ಷವಿದ್ದರೆ 20 ಗುಂಟೆ ಕೊಳ್ಳಿ. ಮುಂದೆ ಪಕ್ಕದ 20 ಗುಂಟೆಯನ್ನು ಕೊಳ್ಳುವ ಕರಾರು ಅದೇ ಮಾಲೀಕನೊಡನೆ ಈಗಲೇ ಬರೆದು ನೋಂದಣಿ ಮಾಡಿಸಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಹಣ ಎಲ್ಲಿಂದ ಬರಬೇಕು? ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ನೆಲ ಕೊಳ್ಳಲು ಬರುವುದಿಲ್ಲ. ಹೊರಗಿನ ಹಣ ಕೊಳವೆಬಾವಿ, ಹಾದಿ, ಬೆಂಚು ಮೊದಲಾದವುಗಳಿಗೆ ಸಿಕ್ಕೀತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು; ಅದರಿಂದ ಗಿಡ, ನೀರು ಕೇಳಬಹುದು. ನೆಲ ಮಾತ್ರ ಊರಿನ ಪಾಲಿನದು ಎಂದೇ ತಿಳಿದು ಹೊರಡಬೇಕು. ಮನೆ ತೆರಿಗೆಯ ವಸೂಲಿ ಸರಿಯಾಗಿದ್ದರೆ ಆ ಹಣವೇ ನಮ್ಮ ಬೀಜದ ಹಣ. ತೆರಿಗೆ ಬಾಕಿ ಇಟ್ಟು ಉದ್ಯಾನ ಕೇಳುವುದು ನೀರು ಹಾಯಿಸದೆ ಬೆಳೆ ಕೇಳಿದಂತೆ.

ಉದ್ಯಾನವು ತನ್ನ ಹಣವನ್ನು ತಾನೇ ಹುಟ್ಟಿಸುವುದೂ ಉಂಟು. ಇಂಗ್ಲೆಂಡಿನಲ್ಲಿ ಲಿವರ್‌ಪೂಲಿನ ಎದುರು ದಂಡೆಯ ಬರ್ಕನ್‌ಹೆಡ್ ಊರಿನವರು 1840ರ ದಶಕದಲ್ಲಿ 226 ಎಕರೆ ಜೌಗು ನೆಲ ಕೊಂಡರು. 125 ಎಕರೆಯನ್ನು ಜನರ ಉದ್ಯಾನವನ್ನಾಗಿ ಮಾಡಿ, ಸುತ್ತಲಿನ ಉಳಿದ ನೆಲವನ್ನು ಮನೆ ಕಟ್ಟುವವರಿಗೆ ಮಾರಿದರು. ಉದ್ಯಾನದ ಎದುರಿನ ನೆಲ ಎಂದು ಅದಕ್ಕೆ ಒಳ್ಳೆಯ ಬೆಲೆ ಬಂದಿತು. 1847ರಲ್ಲಿ ಉದ್ಯಾನ ತೆರೆಯಿತು. ಅಮೇರಿಕದ ನ್ಯೂಯಾರ್ಕಿನಲ್ಲಿ ಸೆಂಟ್ರಲ್ ಪಾರ್ಕಿನ ನೆಲಕ್ಕೆ ಸುಮಾರು 50 ಲಕ್ಷ ಡಾಲರು ಬೇಕಾಯಿತು. ಅದರ ಸುಮಾರು ಮೂರನೆಯ ಒಂದು ಪಾಲನ್ನು ಸುತ್ತಲಿನ ಜಾಗದ ಮಾಲೀಕರ ಮೇಲೆ ಹಾಕಿದರು. ಉದ್ಯಾನದಿಂದ ಯಾರ ನೆಲದ ಬೆಲೆ ಏರುವುದೋ ಅವರು ಒಂದು ಪಾಲು ಕೊಡಲಿ ಎಂಬುದು ಅದರ ನ್ಯಾಯ.

ಆದರೆ ಅದೇ ಸೆಂಟ್ರಲ್ ಪಾರ್ಕಿಗಾಗಿ ಸೆನೆಕಾ ಎಂಬ ಪುಟ್ಟ ಹಳ್ಳಿಯನ್ನು 1857ರಲ್ಲಿ ಒಕ್ಕಲೆಬ್ಬಿಸಿದರು. ಅಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಹೆಚ್ಚಿನವರು ಕರಿಯರು; ಕಷ್ಟಪಟ್ಟು ಸ್ವಂತ ಜಾಗ ಮಾಡಿಕೊಂಡವರು. ಅವರ ಗುಡಿಸಲು ಹೋಗಿ ಉಳ್ಳವರ ಮನೆಯ ಮುಂದೆ ಹಸಿರು ಬಂದಿತು. ನಮ್ಮ ಊರತೋಟಕ್ಕಾಗಿ ಹರಿಜನ ಕೇರಿಯಾಗಲಿ, ಎರಡೆಕರೆಯ ಬಡ ರೈತನಾಗಲಿ ಏಳಬಾರದು.

ಸವಳು ನೆಲದ ಉಪಯೋಗ

ಬರ್ಕನ್‌ಹೆಡ್ಡಿನವರು ಜೌಗು ನೆಲ ಆರಿಸಿದ್ದು ಅದು ಅಗ್ಗವೆಂದು. ನೀರು ಬಸಿಯುವಂತೆ ಮಾಡಿ, ತಗ್ಗಿನಲ್ಲಿ ಕೊಳ ತೆಗೆದರು. ನಮ್ಮಲ್ಲಿಯೂ ಕಾಲುವೆಯ ಕೆಳಗೆ ಸವಳು-ಜವಳಾಗಿ ಕಬ್ಬು ಏಳದ ನೆಲಗಳಿವೆ. ಒಳ್ಳೆಯ ಎರಿ ಭೂಮಿಯನ್ನು ಒಕ್ಕಲುತನಕ್ಕೆ ಬಿಟ್ಟು, ಊರಿಗೆ ಹತ್ತಿರವಿರುವ ಇಂಥ ನೆಲವನ್ನು ಊರತೋಟಕ್ಕೆ ನೋಡಬಹುದು. ಬೆಲೆ ಕಡಿಮೆ, ರೈತನಿಗೂ ಹಾನಿಯಿಲ್ಲ.

ಮೊದಲ ವರ್ಷ ಬಸಿಗಾಲುವೆ ತೆಗೆದು ನೀರಿಗೆ ಹೊರದಾರಿ ಮಾಡಿ. ಎರಡನೆಯ ವರ್ಷ ಏರುಮಡಿ ಮಾಡಿ, ತಿಪ್ಪೆಗೊಬ್ಬರ ಕೂಡಿಸಿ ಹೊಂಗೆ, ಕರಿಜಾಲಿ ಹಚ್ಚಿ; ಇವು ಸವಳನ್ನು ತಾಳುತ್ತವೆ. ನೆಲ ಸುಧಾರಿಸಿದ ಕಡೆ ಬೇವು, ಹುಣಸೆ, ನೇರಳೆ ಹಚ್ಚಬಹುದು. ಎರಿ ನೆಲ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಹಾದಿಗೆ ಕೆಳಗೆ ಗರಸು ಹಾಕಿ ಬಡಿಯಬೇಕು, ಇಲ್ಲದಿದ್ದರೆ ಫರಸಿ ಒಂದೇ ವರ್ಷಕ್ಕೆ ಎದ್ದೀತು.

ನೆಲ ಕೊಳ್ಳುವುದು ಒಂದು ಸಲ. ಸಾಕುವುದು ಪ್ರತಿ ವರ್ಷ. ಒಬ್ಬ ಕಾವಲುಗಾರನ ಪಗಾರ, ಮೋಟಾರಿನ ಕರೆಂಟು, ಒಣಗಿದ ಗಿಡಕ್ಕೆ ಬದಲಿ ಗಿಡ, ಇವುಗಳ ಖರ್ಚನ್ನು ಮೊದಲೇ ಬರೆಯಿರಿ. ಆ ಖರ್ಚು ಹೊರಲಾಗದಿದ್ದರೆ ಹುಲ್ಲುಹಾಸು, ಕಾರಂಜಿ ಬಿಟ್ಟು ಮರ ಮತ್ತು ಬಯಲು ಇಷ್ಟನ್ನೇ ಇಡಿ. ಮರ ಮೂರು ವರ್ಷ ನೀರು ಕೇಳುತ್ತದೆ. ಆಮೇಲೆ ಮೂರು ತಲೆಮಾರಿಗೆ ನೆರಳು ಕೊಡುತ್ತದೆ.

ಈ ವರ್ಷ ಮಾಡತಕ್ಕ ಕೆಲಸ

1. ಗ್ರಾಮಸಭೆಗೆ ಮುಂಚೆ ಊರೊಟ್ಟಿನ ನೆಲಗಳ ಪಟ್ಟಿ ಮಾಡಿ, ಉತಾರ ತೆಗೆಸಿ.

2. ಎನ್.ಎ. ಬಡಾವಣೆಗಳ ಮಂಜೂರಾದ ನಕ್ಷೆಯ ಪ್ರತಿ ಪಡೆದು, ಉದ್ಯಾನದ ಜಾಗವನ್ನು ಕಾಲಿನಿಂದ ನಡೆದು ನೋಡಿ.

3. ಆ ಜಾಗಗಳು ಪಂಚಾಯತಿಯ ಅಥವಾ ಪುರಸಭೆಯ ಆಸ್ತಿ ವಹಿಯಲ್ಲಿ ದಾಖಲಾಗಿವೆಯೇ ನೋಡಿ. ಆಗದಿದ್ದರೆ ಅರ್ಜಿ ಕೊಡಿ.

4. ಊರು ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂದು ವಿಚಾರ ಮಾಡಿ, ಆ ಕಡೆ ಒಂದು ತುಣುಕು ನೆಲ ಗುರುತಿಸಿ. ಮಾಲೀಕನನ್ನು ಮೊದಲು ಕೇಳಿ, ಆಮೇಲೆ ಠರಾವು ಮಾಡಿ.

5. ಊರತೋಟದ ಹೆಸರಿನಲ್ಲಿ ಬೇರೆ ಖಾತೆ ತೆರೆಸಿ, ಪ್ರತಿ ಗ್ರಾಮಸಭೆಯಲ್ಲಿ ಅದರ ಜಮಾಖರ್ಚು ಓದಿಸಿ.

6. ಸಭೆಗೆ ಹೆಣ್ಣುಮಕ್ಕಳನ್ನು, ಸಾಲೆಯ ಮಾಸ್ತರರನ್ನು, ನೆಲವಿಲ್ಲದವರನ್ನು ಕರೆಯಿರಿ. ಎಲ್ಲಿ ಕೂಡಲು ಅಂಜಿಕೆಯಿಲ್ಲ, ಎಲ್ಲಿಗೆ ನಡೆದು ಹೋಗಬಹುದು ಎಂಬುದು ಅವರಿಗೆ ಹೆಚ್ಚು ಗೊತ್ತು.

ಇವುಗಳಲ್ಲಿ ಮೊದಲ ಮೂರು ಕೆಲಸಗಳಿಗೆ ದೊಡ್ಡ ಹಣ ಬೇಕಿಲ್ಲ. ನಾಲ್ಕು ದಿನದ ತಿರುಗಾಟ ಸಾಕು. ಬರುವ ಗ್ರಾಮಸಭೆಯೊಳಗೆ ಅವು ಮೂರನ್ನಾದರೂ ಮುಗಿಸಿರಿ. ಉತಾರ, ನಕ್ಷೆ ಓದುವುದರಲ್ಲಿ ತೊಡಕು ಬಂದರೆ ಕಾಗದ ಹಿಡಿದು ಬನ್ನಿರಿ, ಕೂಡಿ ನೋಡೋಣ.

— ನಿಮ್ಮ ಗ್ರಾಮಸೇವಕ